ಅಪ್‌ಡೇಟ್: ನನಗೆ ಮಾತ್ರ ಪೇಪರ್ ಕಪ್ ಕೊಡುತ್ತಿದ್ದ ವಿಷಯ

ಹೋದ ತಿಂಗಳು ಕೇಳಿದ್ದೆ. ಕಲಬುರಗಿಯ ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ನನ್ನ ಜಾತಿ ತಿಳಿದ ಮೇಲೆ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ, ನನಗೊಬ್ಬನಿಗೆ ಪೇಪರ್ ಕಪ್. ಸುಮ್ನೆ ಇರಲಾ, ಕೇಳಲಾ ಅಂತ. ಉತ್ತರ ಕೊಟ್ಟ ಎಲ್ಲರಿಗೂ ಶರಣು.

ಅಸ್ಪೃಶ್ಯತೆ 1955ರ ಕಾಯ್ದೆಯಲ್ಲೇ ಅಪರಾಧ, 1989ರ ದೌರ್ಜನ್ಯ ತಡೆ ಕಾಯ್ದೆಯೂ ಇದೆ ಅಂದಿರಿ. 14566 ಸಹಾಯವಾಣಿ ನಂಬರನ್ನೂ ಬರೆದಿಟ್ಟುಕೊಂಡೆ. ಆದರೆ ಮೊದಲು ಚಹಾ ಕೊಡುವ ಅಕ್ಕನನ್ನೇ ಕೇಳಿದೆ. ಅವರು ತಲೆ ತಗ್ಗಿಸಿದರು. "ನಂಗ ಹಂಗ ಕೊಡು ಅಂತ ಹೇಳ್ಯಾರ ತಮ್ಮಾ, ನಾ ಏನ್ ಮಾಡ್ಲಿ" ಅಂದರು. ಅವರ ಮೇಲೆ ಸಿಟ್ಟು ಬರಲಿಲ್ಲ. ಹೇಳಿದವರು ನನ್ನ ಪಕ್ಕದ ಟೇಬಲ್ಲಿನವರು. ಬಸವ ಜಯಂತಿಗೆ, ಚಪ್ಪಲಿ ಹೊಲಿಯುತ್ತಿದ್ದ ಶರಣ ಹರಳಯ್ಯನವರ ಕಥೆ ಹೇಳಿ ಕಣ್ಣೀರು ಹಾಕಿದವರು. ಅದೇ ಜಾಸ್ತಿ ನೋಯಿಸಿತು.

ಮಾಲೀಕರಿಗೆ ಹೇಳಿದೆ. ಮರುದಿನದಿಂದ ಎಲ್ಲರಿಗೂ ಪೇಪರ್ ಕಪ್. ಲೋಟಗಳು ಕಪಾಟು ಸೇರಿದವು. ಮಾಲೀಕರು "ಈಗ ಸರಿ ಆಯ್ತಲ್ಲ" ಅಂದರು. ಸರಿ ಆಗಿಲ್ಲ, ಅಲ್ವಾ? ನನ್ನ ಜೊತೆ ಒಂದೇ ಲೋಟ ಹಂಚಿಕೊಳ್ಳುವುದಕ್ಕಿಂತ ಲೋಟವನ್ನೇ ಬಿಟ್ಟರು.

ಅರ್ಜಿ ಬರೆದಿದ್ದೇನೆ. ಸೋಮವಾರ ಸಮಾಜ ಕಲ್ಯಾಣ ಇಲಾಖೆಗೆ ಕೊಡುತ್ತೇನೆ. ಅಪ್ಪನೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.