ಮಗನ ಎಕ್ಸ್‌ರೇ ವರದಿಯಲ್ಲಿ ‘ಗ್ರೀನ್‌ಸ್ಟಿಕ್ ಫ್ರ್ಯಾಕ್ಚರ್’ ಎಂದಿದೆ, ಎಲುಬು ಪೂರ್ತಿ ಮುರಿದಿಲ್ಲವೇ?

ಪ್ರಶ್ನೆ (ಜಮಖಂಡಿ):
ಎಂಟು ವರ್ಷದ ನನ್ನ ಮಗ ಮೊನ್ನೆ ಬೇವಿನ ಗಿಡದಿಂದ ಬಿದ್ದು ಮುಂಗೈಗೆ ಪೆಟ್ಟು ಮಾಡಿಕೊಂಡಿದ್ದಾನೆ. ವರದಿಯಲ್ಲಿ ರೇಡಿಯಸ್ (ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ) ಎಲುಬಿನ ‘ಗ್ರೀನ್‌ಸ್ಟಿಕ್’ ಮುರಿತ ಎಂದಿದೆ. ಕಳೆದ ವರ್ಷ ನಮ್ಮ ಅತ್ತೆಯವರು ಬಚ್ಚಲಲ್ಲಿ ಜಾರಿ ಬಿದ್ದಾಗ ಅದೇ ಎಲುಬಿಗೆ ‘ಕಾಲಿಸ್’ ಎಂದು ಬರೆದಿದ್ದರು. ಒಂದೇ ಎಲುಬಿನ ಮುರಿತಕ್ಕೆ ಎರಡು ಹೆಸರೇಕೆ? ಎಲುಬು ಪೂರ್ತಿ ತುಂಡಾಗಿಲ್ಲವಾದ್ದರಿಂದ ಪ್ಲಾಸ್ಟರ್ ಬೇಡ, ನಾಟಿ ಪಟ್ಟಿ ಕಟ್ಟಿಸಿದರೆ ಸಾಕು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ.

ಉತ್ತರ 1 (ಬಾಗಲಕೋಟೆ, ಎಲುಬು–ಕೀಲು ವಿಭಾಗದ ಶುಶ್ರೂಷಕಿ):
‘ಗ್ರೀನ್‌ಸ್ಟಿಕ್’ ಎಂದರೆ ಹಸಿ ಕಡ್ಡಿ. ಅದೇ ಬೇವಿನ ಒಂದು ಹಸಿ ಟೊಂಗೆಯನ್ನು ಬಗ್ಗಿಸಿ ನೋಡಿರಿ. ಹೊರಮೈ ಸಿಗಿದು ನಾರು ಎದ್ದರೂ ಒಳಮೈ ಬಾಗಿ ಹಿಡಿದುಕೊಂಡೇ ಇರುತ್ತದೆ. ಮಕ್ಕಳ ಎಲುಬು ಮೆದುವಾಗಿದ್ದು, ಅದರ ಮೇಲಿನ ಪೊರೆಯೂ ದಪ್ಪವಾಗಿರುವುದರಿಂದ ಹೀಗಾಗುತ್ತದೆ. ಆದರೆ ಬಾಗಿದ ಎಲುಬು ಪ್ಲಾಸ್ಟರ್ ಇಲ್ಲದಿದ್ದರೆ ಮುಂದಿನ ದಿನಗಳಲ್ಲಿ ಇನ್ನಷ್ಟು ಬಾಗಬಹುದು. ಆದ್ದರಿಂದ ‘ಪೂರ್ತಿ ಮುರಿದಿಲ್ಲ’ ಎಂಬ ಸಮಾಧಾನದಲ್ಲಿ ಪ್ಲಾಸ್ಟರ್ ಬಿಡಬೇಡಿ.

ಅತ್ತೆಯವರದು ಬೇರೆ. ವಯಸ್ಸಾದಂತೆ ಎಲುಬು ಟೊಳ್ಳಾಗುವುದರಿಂದ, ಅಂಗೈ ಊರಿ ಬಿದ್ದಾಗ ಮಣಿಕಟ್ಟಿನ ಹತ್ತಿರ ರೇಡಿಯಸ್ ತುದಿ ತುಂಡಾಗಿ ಅಂಗೈಯ ಹಿಂಬದಿಯ ಕಡೆಗೆ ಸರಿಯುತ್ತದೆ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಇದನ್ನು 1814ರಲ್ಲಿ ವಿವರಿಸಿದರು. ಎಕ್ಸ್‌ರೇ ಪತ್ತೆಯಾದದ್ದು 1895ರಲ್ಲಿ ಎಂಬುದನ್ನು ನೆನೆದರೆ ಅವರ ಮೇಲೆ ನನಗೆ ಗೌರವ ಹೆಚ್ಚುತ್ತದೆ.

ಉತ್ತರ 2 (ವಿಜಯಪುರ):
ಅಡ್ಡ, ಓರೆ, ತಿರುಚು, ಚೂರುಚೂರು ಎಂದು ಮುರಿತದ ಗೆರೆಯ ಮೇಲೆ ಹೆಸರುಗಳಿವೆ. ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಚರ್ಮ ಹರಿದಿದೆಯೇ ಎಂಬುದು. ಕಬ್ಬಿನ ಟ್ರ್ಯಾಕ್ಟರ್ ಉರುಳಿ ನನ್ನ ತಮ್ಮನ ಮೊಣಕಾಲ ಕೆಳಗೆ ಮುರಿದಾಗ, ಉಗುರಿನಷ್ಟೇ ಗಾಯವೆಂದು ನಾವು ಅರಿಷಿಣ ಹಚ್ಚಿ ರಾತ್ರಿ ಕಳೆದೆವು. ಎಲುಬಿಗೆ ಕೀವು ತಗುಲಿ ತಿಂಗಳುಗಟ್ಟಲೆ ನರಳಿದ. ಗಸ್ಟಿಲೊ ಮತ್ತು ಆಂಡರ್ಸನ್ ಎಂಬ ವೈದ್ಯರು 1976ರಲ್ಲಿ ಮಾಡಿದ ವರ್ಗೀಕರಣದಲ್ಲಿ 1 ಸೆಂಟಿಮೀಟರಿಗಿಂತ ಚಿಕ್ಕದಾದ, ಸ್ವಚ್ಛವಾದ ಗಾಯವೂ ತೆರೆದ (ಚರ್ಮ ಹರಿದ) ಮುರಿತದ ಮೊದಲನೆಯ ದರ್ಜೆಯೇ ಆಗಿದ್ದು, ಅದಕ್ಕೂ ಆದಷ್ಟು ಬೇಗ ಆ್ಯಂಟಿಬಯಾಟಿಕ್ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಚರ್ಮ ಹರಿದಿಲ್ಲ. ಮುಂದೆ ಕೈ ಬೆಳೆಯುವುದಕ್ಕೆ ತೊಂದರೆಯಾದೀತೇ?

ಉತ್ತರ 1:
ಮಕ್ಕಳ ಎಲುಬು ಉದ್ದವಾಗುವುದು ಅದರ ತುದಿಯ ಹತ್ತಿರ ಇರುವ ‘ಬೆಳೆಯುವ ಪಟ್ಟಿ’ (ಗ್ರೋತ್ ಪ್ಲೇಟ್) ಎಂಬ ಮೆದು ಭಾಗದಿಂದ. ಅದಕ್ಕೆ ಆದ ಪೆಟ್ಟನ್ನು ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ವೈದ್ಯರು 1963ರಲ್ಲಿ ಐದು ಬಗೆಗಳಾಗಿ ವಿಂಗಡಿಸಿದ್ದಾರೆ. ವರದಿಯಲ್ಲಿ ಆ ಹೆಸರಿದೆಯೇ ಎಂದು ವೈದ್ಯರನ್ನು ಕೇಳಿರಿ. ಇನ್ನು ಪ್ಲಾಸ್ಟರ್ ಹಾಕಿಸಿದ ಮೇಲೆ ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಅಥವಾ ನೋವು ಏರುತ್ತಲೇ ಹೋದರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.