ಮಾರ್ಬಲ್ ಕ್ವೀನ್ ಮನಿಪ್ಲಾಂಟ್: ಬಿಳಿ ಭಾಗ ಕಂದು ಆಗುತ್ತಿದೆ, ಹೊಸ ಎಲೆ ಪೂರ್ತಿ ಹಸಿರು

ಮೂರನೇ ಮಹಡಿ (ಜುಲೈ 6)
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ನರ್ಸರಿಯಿಂದ ಈ ಗಿಡ ತಂದೆ. ಆಗ ಎಲೆ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಇತ್ತು. ನಮ್ಮದು ಬೆಂಗಳೂರಲ್ಲಿ ಫ್ಲಾಟ್. ಹಾಲ್‌ನಲ್ಲಿ ಟಿವಿ ಪಕ್ಕದ ಗೋಡೆಗೆ ತೂಗುಹಾಕಿದ್ದೇನೆ, ಕಿಟಕಿಯಿಂದ ಹತ್ತು ಅಡಿ ದೂರ. ಬಳ್ಳಿ ನಾಲ್ಕು ಅಡಿ ಇಳಿದಿದೆ. ಆದರೆ ಕೊನೆಯ ಐದಾರು ಎಲೆ ಚಿಕ್ಕವು, ಬರೀ ಹಸಿರು. ಮೇಲಿನ ಹಳೇ ಎಲೆಗಳ ಬಿಳಿ ಜಾಗದಲ್ಲಿ ಕಂದು ಚುಕ್ಕೆ, ಸುತ್ತ ಹಳದಿ.

ಒಣಗಿದೆ ಅಂದುಕೊಂಡು ದಿನಾ ನೀರು ಹಾಕಿದೆ. ಬಿಸಿಲು ಸಾಲದೇನೋ ಅಂತ ಎರಡು ದಿನ ಪಶ್ಚಿಮದ ಬಾಲ್ಕನಿಯಲ್ಲಿಟ್ಟೆ, ಮೂರು ಎಲೆ ಸುಟ್ಟು ಹಪ್ಪಳ ಆದವು. "ದುಡ್ಡು ಕೊಟ್ಟು ತಂದ ಮನಿಪ್ಲಾಂಟ್ ಬೆಳೆಯಲ್ಲ, ಕದ್ದು ತರಬೇಕಿತ್ತು" ಅಂತ ನಮ್ಮ ಅತ್ತೆ ನಗುತ್ತಾರೆ. ಏನು ಮಾಡಲಿ?

ಗೊಬ್ಬರದ ಗುಂಡಿ
19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರೋದು) ಒಂದು ಲೀಟರ್ ನೀರಿಗೆ ಎರಡು ಗ್ರಾಂ ಕಲಸಿ ಹಾಕಿ ಮೇಡಂ. ಎರಡು ವಾರದಲ್ಲಿ ಸರಿ ಹೋಗುತ್ತೆ.

ತೂಗುಕುಂಡ
ಸರ್, ಗೊಬ್ಬರ ಈಗ ಬೇಡ. ಬೇರು ಸರಿ ಇಲ್ಲದಿದ್ದರೆ ಗೊಬ್ಬರ ಹಾಕೋದು ಹೊಟ್ಟೆ ಕೆಟ್ಟವರಿಗೆ ಹೋಳಿಗೆ ಬಡಿಸಿದ ಹಾಗೆ.

ಮೇಡಂ, ಇಲ್ಲಿ ಒಂದಲ್ಲ, ಎರಡು ತೊಂದರೆ ಇದೆ. ಎರಡನ್ನೂ ಒಂದೇ ಅಂದುಕೊಂಡಿದ್ದೀರಿ, ಅದಕ್ಕೇ ಏನು ಮಾಡಿದರೂ ಉಲ್ಟಾ ಆಗುತ್ತಿದೆ. ಹಸಿರಾಗೋದು ಬೆಳಕಿನ ವಿಷಯ. ಕಂದು ಚುಕ್ಕೆ ಬಹುಶಃ ನೀರಿನ ವಿಷಯ. ಮೊದಲು ಮೂರು ಮಾತು ಹೇಳಿ. ಕುಂಡದ ತಳದಲ್ಲಿ ತೂತು ಇದೆಯಾ? ಬೆರಳು ಎರಡು ಗೆಣ್ಣು ಇಳಿಸಿದರೆ ಮಣ್ಣು ಹಸಿಯಾಗಿದೆಯಾ? ಕುಂಡ ಎತ್ತಿದರೆ ಭಾರ ಇದೆಯಾ?

ಮೂರನೇ ಮಹಡಿ
ಅಯ್ಯೋ. ಒಳಗಿನ ಪ್ಲಾಸ್ಟಿಕ್ ಪಾಟ್‌ಗೆ ತೂತು ಇದೆ, ಹೊರಗಿನ ಪಿಂಗಾಣಿ ಕುಂಡಕ್ಕೆ ಇಲ್ಲ. ಈಗ ಎತ್ತಿ ನೋಡಿದೆ, ಕೆಳಗೆ ಎರಡು ಇಂಚು ನೀರು ನಿಂತಿದೆ, ಚರಂಡಿ ವಾಸನೆ.

ತೂಗುಕುಂಡ
ಕಳ್ಳ ಸಿಕ್ಕಿದ. ಗಿಡ ಹೊರಗೆ ತೆಗೆದು, ನಲ್ಲಿ ಕೆಳಗೆ ಬೇರು ತೊಳೆಯಿರಿ. ಒಳ್ಳೆ ಬೇರು ಬೆಳ್ಳಗೆ, ಗಟ್ಟಿ ಇರುತ್ತೆ. ಕೊಳೆತದ್ದು ಕಂದು. ಎಳೆದರೆ ಮೇಲಿನ ಸಿಪ್ಪೆ ಕೈಗೆ ಬಂದು ಒಳಗಿನ ದಾರ ಮಾತ್ರ ಉಳಿಯುತ್ತೆ. ಬುಡದ ಹತ್ತಿರ ಮುಷ್ಟಿಯಷ್ಟು ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಗಡ್ಡೆ, ಅದಕ್ಕೆ ಸಣ್ಣ ಬಲೆ ಸುತ್ತಿರಬಹುದು, ಅದನ್ನೂ ನೋಡಿ.

ಮೂರನೇ ಮಹಡಿ
ಬಲೆ ಇತ್ತು! ಟೀ ಬ್ಯಾಗ್ ಥರ. ಹಿಂಡಿದರೆ ಸ್ಪಂಜಿನ ಹಾಗೆ ನೀರು ಇಳಿಯಿತು. ಅರ್ಧಕ್ಕಿಂತ ಜಾಸ್ತಿ ಬೇರು ಕೊಳೆತಿದೆ.

ತೂಗುಕುಂಡ
ಬಲೆ ಕತ್ತರಿಸಿ ತೆಗೆಯಿರಿ, ಕೊಳೆತದ್ದೆಲ್ಲ ತೆಗೆದು ಬಿಸಾಡಿ. ಉಳಿದ ಬುಡವನ್ನು ಚಿಕ್ಕ ಕುಂಡಕ್ಕೆ ಹಾಕಿ, ದೊಡ್ಡದು ಬೇಡ. ನಾನು ಕೋಕೋಪೀಟ್, ಪರ್ಲೈಟ್ (ನೀರು ಬಸಿಯಲು ಹಾಕುವ ಹಗುರ ಬಿಳಿ ಕಾಳು), ಎರೆಗೊಬ್ಬರ ಮೂರನ್ನೂ ಸಮ ಹಾಕುತ್ತೇನೆ. ಪರ್ಲೈಟ್ ಸಿಗದಿದ್ದರೆ ದಪ್ಪ ಮರಳು ನಡೆಯುತ್ತೆ. ಮೇಲಿನ ಒಂದೂವರೆ ಇಂಚು ಒಣಗಿದ ಮೇಲೇ ನೀರು. ಮಳೆಗಾಲದಲ್ಲಿ ಅದಕ್ಕೆ ಹತ್ತು ದಿನ ಬೇಕಾಗಬಹುದು, ದಿನ ಎಣಿಸಬೇಡಿ, ಬೆರಳು ನೋಡಿ. ಪಿಂಗಾಣಿ ಕುಂಡ ಚೆಂದ ಇದೆ ಅಂದರೆ ಇಟ್ಟುಕೊಳ್ಳಿ, ಆದರೆ ನೀರು ಹಾಕುವಾಗ ಒಳಗಿನದನ್ನು ಸಿಂಕಿಗೆ ಒಯ್ದು, ಪೂರ್ತಿ ಬಸಿದ ಮೇಲೆ ವಾಪಸ್ ಇಡಿ.

ಇನ್ನು ಹಸಿರಿನ ಕಥೆ. ಬಿಳಿ ಜಾಗದಲ್ಲಿ ಪತ್ರಹರಿತ್ತು ಇಲ್ಲ, ಅಲ್ಲಿ ಅಡುಗೆ ನಡೆಯಲ್ಲ. ಇಡೀ ಬಳ್ಳಿಗೆ ಊಟ ಹಾಕೋದು ಹಸಿರು ಭಾಗ. ಬೆಳಕು ಕಮ್ಮಿ ಆದರೆ ಹೊಸ ಎಲೆಯಲ್ಲಿ ಹಸಿರು ಜಾಸ್ತಿ ಆಗುತ್ತೆ. ಮಧ್ಯಾಹ್ನ ಹನ್ನೆರಡಕ್ಕೆ ಆ ಗೋಡೆ ಹತ್ತಿರ ಬಿಳಿ ಹಾಳೆ ಹಿಡಿದು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಚಾಚಿ. ನೆರಳೇ ಕಾಣದಿದ್ದರೆ ಅಲ್ಲಿ ಮಾರ್ಬಲ್ ಕ್ವೀನ್‌ಗೆ ಊಟ ಇಲ್ಲ. ಮಸುಕಾದ ನೆರಳಾದರೂ ಬೇಕು. ಪೂರ್ವದ ಕಿಟಕಿಯಿಂದ ಎರಡು ಮೂರು ಅಡಿಯೊಳಗೆ ಒಳ್ಳೆ ಜಾಗ. ಪಶ್ಚಿಮದ ಬಿಸಿಲಿಗೆ ಬಿಳಿ ಭಾಗವೇ ಮೊದಲು ಸುಡೋದು, ನೀವೇ ನೋಡಿದ್ದೀರಿ.

ಈಗಾಗಲೇ ಹಸಿರಾದ ಎಲೆ ಮತ್ತೆ ಬಿಳಿ ಆಗಲ್ಲ, ಕಾಯಬೇಡಿ. ಬಳ್ಳಿ ಹಿಡಿದು ಮೇಲಕ್ಕೆ ಬನ್ನಿ. ಬಿಳಿ ಇರುವ ಕೊನೆಯ ಎಲೆಯ ಗೆಣ್ಣು ಸಿಗುತ್ತೆ, ಅದರ ಸ್ವಲ್ಪ ಕೆಳಗೆ ಕತ್ತರಿ ಹಾಕಿ.

ಮಲೆನಾಡ ಮಳೆ
ನಡುವೆ ಬಾಯಿ ಹಾಕುತ್ತೇನೆ. ಎಲೆ ಚಿಕ್ಕದಾಗೋದಕ್ಕೆ ಬೆಳಕೊಂದೇ ಕಾರಣ ಅಲ್ಲ. ಇದು ಮರ ಹತ್ತುವ ಜಾತಿ, ಕೆಳಗೆ ಇಳಿಬಿಟ್ಟರೆ ಎಲೆ ಚಿಕ್ಕದಾಗುತ್ತಾ ಹೋಗುತ್ತೆ. ನಮ್ಮ ಮನೆ ಹಿಂದೆ ಹಲಸಿನ ಮರ ಹತ್ತಿದ ಮನಿಪ್ಲಾಂಟ್ ಎಲೆ ಮೊರದಷ್ಟಿದೆ.

ಮೂರನೇ ಮಹಡಿ
ಕತ್ತರಿಸಿದ ತುಂಡುಗಳನ್ನು ನೀರಲ್ಲಿ ಹಾಕಬಹುದಾ?

ತೂಗುಕುಂಡ
ಹಾಕಿ ಅಕ್ಕ. ಬುಡ ಉಳಿಯದಿದ್ದರೂ ತಳಿ ಉಳಿಯುತ್ತೆ. ಕಾಂಡ ನೋಡಿ ಆರಿಸಿ, ಬಿಳಿ ಗೆರೆ ಓಡಿರುವ ಕಾಂಡದ ಗೆಣ್ಣು ಬೇಕು. ಬರೀ ಹಸಿರು ಕಾಂಡದಿಂದ ಹಸಿರು ಚಿಗುರೇ ಬರೋದು ಜಾಸ್ತಿ. ಒಂದು ಗೆಣ್ಣಾದರೂ ನೀರಲ್ಲಿ ಮುಳುಗಬೇಕು, ಎಲೆ ಮುಳುಗಬಾರದು. ನಾಲ್ಕೈದು ದಿನಕ್ಕೊಮ್ಮೆ ನೀರು ಬದಲಿಸಿ. ಮನೆಯಲ್ಲಿ ಬೆಕ್ಕಿದ್ದರೆ ಎಟುಕದ ಹಾಗೆ ಇಡಿ. ಈ ಎಲೆ ಅಗಿದರೆ ಅದರಲ್ಲಿನ ಆಕ್ಸಲೇಟ್ ಹರಳು ಬಾಯಿಗೆ ಚುಚ್ಚಿ ಉರಿಯುತ್ತೆ.

ಮೂರನೇ ಮಹಡಿ (ಸೆಪ್ಟೆಂಬರ್ 14)
ಬಂದು ಹೇಳೋಣ ಅನ್ನಿಸಿತು. ಹಳೇ ಬುಡ ಉಳಿಯಲಿಲ್ಲ. ಆರು ತುಂಡಲ್ಲಿ ನಾಲ್ಕಕ್ಕೆ ಮೂರು ವಾರದಲ್ಲಿ ಬೇರು ಬಂತು, ಒಂದು ಕೊಳೆಯಿತು. ಆರನೆಯದು ಕಾಣೆಯಾಗಿತ್ತು. ಆಮೇಲೆ ಗೊತ್ತಾಯಿತು, ಅತ್ತೆ ಹೇಳದೆ ಊರಿಗೆ ಒಯ್ದಿದ್ದಾರೆ! ನಾಲ್ಕನ್ನೂ ಒಂದೇ ಕುಂಡದಲ್ಲಿ ನೆಟ್ಟು ಅಡುಗೆಮನೆಯ ಪೂರ್ವದ ಕಿಟಕಿಗೆ ಕಟ್ಟಿದ್ದೇನೆ. ನಿನ್ನೆ ಸುರುಳಿ ಬಿಚ್ಚಿದ ಎಲೆ ಅರ್ಧಕ್ಕರ್ಧ ಬಿಳಿ. ಇನ್ನೊಂದರಲ್ಲಿ ಎಲೆ ಪೂರ್ತಿ ಬಿಳಿ ಬಂದಿದೆ, ಚೂರೂ ಹಸಿರಿಲ್ಲ. ತೆಗೆಯಬೇಕಾ?

ತೂಗುಕುಂಡ
ಒಂದೇ ಎಲೆ ಅಂದರೆ ಬಿಡಿ, ಉಳಿದವು ಸಾಕುತ್ತವೆ. ಅದೇ ಬಳ್ಳಿಯಲ್ಲಿ ಸತತ ಮೂರು ಹಾಗೇ ಬಂದರೆ ಹಸಿರು ಇರುವ ಗೆಣ್ಣಿನವರೆಗೆ ಹಿಂದಕ್ಕೆ ಕತ್ತರಿಸಿ. ಅತ್ತೆ ಒಯ್ದ ತುಂಡು ಹೇಗಿದೆ?

ಮೂರನೇ ಮಹಡಿ
ಕೇಳಬೇಡಿ. ಏಳು ಎಲೆ ಅಂತೆ.