ಜಡ್ಡಿಯ ಕಪ್ಪು ಕೆಸರಲ್ಲಿ ದುಂಬಿಯ ರೆಕ್ಕೆಚೂರು: ತೆಗೆಯುವುದು ಹೇಗೆ? ಏನು ತಿಳಿಯುತ್ತದೆ?

ಬಸಿಗಾಲುವೆ (ಶಿರಸಿ):
ತೋಟದ ಕೆಳಗಿನ ಜಡ್ಡಿಯಲ್ಲಿ (ಜೌಗು ನೆಲ) ಬಸಿಗಾಲುವೆ ತೋಡಿದಾಗ ಕಂಡದ್ದು: ಐದಡಿ ಆಳಕ್ಕೆ ಎಲೆ, ಬೇರು ಕೊಳೆತ ಕಪ್ಪು ಕೆಸರಿದೆ. ಅದರಲ್ಲಿ ಹಸಿರು ಹೊಳಪಿನ ದುಂಬಿ (ಗಟ್ಟಿ ಮೇಲ್ರೆಕ್ಕೆಯ ಕೀಟ, ಬೀಟಲ್) ರೆಕ್ಕೆಯ ಚೂರುಗಳಿವೆ. ಒಣಗಿಸಿದವು ಸುರುಳಿ ಸುತ್ತಿ ಒಡೆದವು. ಕೆಡದಂತೆ ತೆಗೆಯುವುದು ಹೇಗೆ? ದುಂಬಿಗಳ ವಿಕಾಸದ ಬಗ್ಗೆ ಇವು ಏನಾದರೂ ಹೇಳುತ್ತವೆಯೇ?

ಜರಡಿ:
ದಯವಿಟ್ಟು ಒಣಗಿಸಬೇಡಿ. ಕಾಲುವೆಯ ಗೋಡೆಯನ್ನು ಕೆರೆದು, ಒಳಗಿನ ಹಸಿ ಕೆಸರನ್ನು ಐದು ಸೆಂ.ಮೀ. ದಪ್ಪದ ಪದರಗಳಲ್ಲಿ ತೆಗೆಯಿರಿ. ಪ್ರತಿ ಪದರದಿಂದ ಐದಾರು ಲೀಟರ್ ಬೇಕು. ರೇಡಿಯೋಕಾರ್ಬನ್ ಪರೀಕ್ಷೆಯ (ಇಂಗಾಲ ಅಳೆದು ವಯಸ್ಸು ತಿಳಿಯುವುದು) ಯೋಚನೆಯಿದ್ದರೆ ಅದಕ್ಕೆ ಬೇಕಾದಷ್ಟನ್ನು ಈಗಲೇ ಬೇರೆ ಇಡಿ. ಮುಂದೆ ಬಳಸುವ ಸೀಮೆಎಣ್ಣೆ ತಗುಲಿದರೆ ವಯಸ್ಸಿನ ಲೆಕ್ಕ ತಪ್ಪುತ್ತದೆ.

ಉಳಿದದ್ದನ್ನು ನೀರಲ್ಲಿ ನೆನೆಸಿ, 300 ಮೈಕ್ರಾನ್ (0.3 ಮಿ.ಮೀ.) ಕಣ್ಣಿನ ಜರಡಿಯಲ್ಲಿ ತೊಳೆಯಿರಿ. ಜೇಡಿ ಬಿಡದಿದ್ದರೆ ನೆನೆಸುವ ನೀರಿಗೆ ವಾಷಿಂಗ್ ಸೋಡಾ ಹಾಕಿ. ನೀರು ಚೆನ್ನಾಗಿ ಬಸಿಯಲೇಬೇಕು, ಇಲ್ಲದಿದ್ದರೆ ಎಣ್ಣೆ ಹಿಡಿಯುವುದಿಲ್ಲ. ಆಮೇಲೆ ಸೀಮೆಎಣ್ಣೆ ಹಾಕಿ ಕೈಯಿಂದ ಮೆಲ್ಲಗೆ ಕಲಸಿ, ಹೆಚ್ಚಾದದ್ದನ್ನು ಬಸಿದು, ತಣ್ಣೀರು ರಭಸವಾಗಿ ಸುರಿಯಿರಿ. ಮೇಣದ ಲೇಪವಿರುವ ಕವಚ ಎಣ್ಣೆ ಹಿಡಿದು ತೇಲುತ್ತದೆ, ನೀರು ಕುಡಿದ ಎಲೆ-ಕಡ್ಡಿ ಬಹುಪಾಲು ಮುಳುಗುತ್ತದೆ. ಅರ್ಧ ಗಂಟೆ ಬಿಟ್ಟು ತೇಲಿದ್ದನ್ನು ಜರಡಿಗೆ ಬಗ್ಗಿಸಿ. ಇದನ್ನು ಮೂರು ಸಲ ಮಾಡಿ. ಕೊನೆಗೆ ಸೋಪಿನ ನೀರಲ್ಲಿ ತೊಳೆದು ಆಲ್ಕೋಹಾಲಿನಲ್ಲಿಡಿ. ಹತ್ತಿರ ಬೆಂಕಿ ಬೇಡ, ಬಸಿದ ಎಣ್ಣೆ ತೋಟಕ್ಕೆ ಹೋಗಬಾರದು.

ತಲೆ, ಎದೆಕವಚ, ಮೇಲ್ರೆಕ್ಕೆ ಬಿಡಿಬಿಡಿಯಾಗಿರುವುದು ಹಳೆಯದರ ಲಕ್ಷಣ. ಕಾಲಿನ ಕೀಲು, ಮಾಂಸ ಉಳಿದಿದ್ದರೆ ಬೇರಿನ ಸಂದಿಯಲ್ಲಿ ಇತ್ತೀಚೆಗೆ ಇಳಿದದ್ದಿರಬಹುದು.

ಕಾಳಿತೀರ (ಕಾರವಾರ):
ಹೊಳಪು ನೋಡಿ ವಯಸ್ಸು ಹೇಳಬೇಡಿ. ಅದು ಕವಚದ ತೆಳು ಪದರಗಳಿಂದ ಬರುವುದು. ಜರ್ಮನಿಯ ಮೆಸ್ಸೆಲ್ ಎಂಬಲ್ಲಿ ಸಿಕ್ಕ 4.7 ಕೋಟಿ ವರ್ಷದ ದುಂಬಿಗಳಲ್ಲೂ ಹೊಳಪು ಉಳಿದಿದೆ.

ಕೆಸರಿನ ಚೂರುಗಳು ಹೊಸ ಪ್ರಭೇದ ಹುಟ್ಟಿದ್ದನ್ನು ತೋರಿಸುವುದು ಅಪರೂಪ. ಬ್ರಿಟನ್ನಿನ ವಿಜ್ಞಾನಿ ರಸೆಲ್ ಕೂಪ್ ಹಿಮಯುಗದ ದುಂಬಿಗಳನ್ನು ಪರಿಶೀಲಿಸಿದಾಗ ಕಂಡದ್ದೇ ಇದು: ಹವಾಮಾನ ಬದಲಾದಾಗ ಅವು ರೂಪ ಬದಲಿಸಲಿಲ್ಲ, ಜಾಗ ಬದಲಿಸಿದವು. ಆದ್ದರಿಂದ ನಿಮ್ಮ ಚೂರುಗಳನ್ನು ಪರಿಸರದ ದಾಖಲೆಯಾಗಿ ಓದಿ. ನೀರುದುಂಬಿ ಇದ್ದಲ್ಲಿ ನಿಂತ ನೀರು, ಸಗಣಿ ಹುಳು ಇದ್ದಲ್ಲಿ ಮೇಯುವ ಪ್ರಾಣಿ.

ವಿಕಾಸ ಬೇಕಿದ್ದರೆ ಪರ್ಮಿಯನ್ ಎಂಬ ಬಹು ಹಳೆಯ ಕಾಲದ ಶಿಲೆಗೇ ಹೋಗಬೇಕು. ಸುಮಾರು 29 ಕೋಟಿ ವರ್ಷದ ಹಿಂದಿನ ದುಂಬಿಗಳ ಮೇಲ್ರೆಕ್ಕೆ ಹೊಟ್ಟೆಗಿಂತ ಉದ್ದ, ಸಡಿಲ, ನರಗಳ ನಡುವೆ ಸಾಲು ಸಾಲು ಕಿಟಕಿಯಂಥ ಕೋಶ. ಆಮೇಲಿನ ಕಾಲದ ದುಂಬಿಗಳಲ್ಲಿ ಈ ಮೇಲ್ರೆಕ್ಕೆ ಮುಚ್ಚಳದಂತೆ ಬಿಗಿಯಾಗಿ ಕೂತು, ಹಾರುವ ರೆಕ್ಕೆಗೂ ಹೊಟ್ಟೆಗೂ ರಕ್ಷಣೆಯಾಯಿತು. ತೊಗಟೆಯಡಿ, ಮಣ್ಣಲ್ಲಿ, ನೀರಲ್ಲಿ ನುಗ್ಗಿ ಬದುಕಲು ಈ ಬಿಗಿತವೇ ದಾರಿ ಮಾಡಿತೆನ್ನುವ ವಾದ ನನಗೆ ಒಪ್ಪಿಗೆ. ಕಿಟಕಿ ಕೋಶದ ವಿನ್ಯಾಸ ಕ್ಯುಪೆಡಿಡೆ ಎಂಬ ದುಂಬಿ ಕುಟುಂಬದಲ್ಲಿ ಇಂದಿಗೂ ಇದೆ.

ಬಸಿಗಾಲುವೆ:
ಹಾಗಾದರೆ ಗುಡ್ಡದ ಚಿರೇಕಲ್ಲಲ್ಲಿ ಹುಡುಕಬಹುದೇ?

ಜರಡಿ:
ಬೇಡ. ಚಿರೇಕಲ್ಲು ಗಾಳಿ-ಮಳೆಗೆ ಶಿಥಿಲವಾದ ಕಲ್ಲು, ಆಮ್ಲಜನಕ ಆಡುವಲ್ಲಿ ಕವಚ ಕೊಳೆತುಹೋಗುತ್ತದೆ. ಅದರಡಿಯ ಶಿಲೆ ಕೀಟಗಳೇ ಇಲ್ಲದ ಕಾಲದ್ದು. ನಮ್ಮ ದೇಶದಲ್ಲಿ ಹಳೆಯ ಕೀಟಗಳು ಗುಜರಾತಿನ ವಸ್ತಾನ್ ಲಿಗ್ನೈಟ್ (ಕಂದು ಕಲ್ಲಿದ್ದಲು) ಗಣಿಯ ಅಂಬರಿನಲ್ಲಿ (ಪುರಾತನ ಮರದ ರಾಳ) ಸಿಕ್ಕಿವೆ, 5 ಕೋಟಿ ವರ್ಷಕ್ಕೂ ಹಿಂದಿನವು. ಆ ರಾಳ ಸುರಿಸಿದ್ದು ನಮ್ಮ ಸಾಲುಧೂಪದ ಕುಟುಂಬದ ಮರಗಳು (ಕಾಳುಧೂಪ ಬೇರೆ ಕುಟುಂಬ). ಅದು ಪೂರ್ತಿ ಗಟ್ಟಿಯಾಗಿಲ್ಲ, ಹಾಗಾಗಿ ದ್ರಾವಕದಲ್ಲಿ ಕರಗಿಸಿ ಕೀಟವನ್ನು ಇಡಿಯಾಗಿ ಹೊರತೆಗೆಯುತ್ತಾರೆ.